ವಿಶ್ವದ ಹಿನ್ನೆಲೆ ವಿಕಿರಣ: ಆದಿಯ ಬೆಳಕು, ನಡುವಣ ಧೂಳು

ಆಕಾಶದ ಯಾವ ದಿಕ್ಕಿಗೆ ಸೂಕ್ಷ್ಮಗ್ರಾಹಿ ರೇಡಿಯೋ ಆಂಟೆನಾವನ್ನು ತಿರುಗಿಸಿದರೂ, ಹಗಲಿರಲಿ ಇರುಳಿರಲಿ, ಕ್ಷೀಣವಾದ ಒಂದು ವಿಕಿರಣ ಎಡೆಬಿಡದೆ ಬಂದು ಸೇರುತ್ತಲೇ ಇರುತ್ತದೆ. ಸೂರ್ಯನಾಗಲಿ, ನಕ್ಷತ್ರಗಳಾಗಲಿ, ಗೆಲಾಕ್ಸಿಗಳಾಗಲಿ ಅದಕ್ಕೆ ಮೂಲವಲ್ಲ. ವಿಶ್ವದಲ್ಲಿ ಒಂದೂ ನಕ್ಷತ್ರ ಹುಟ್ಟಿರದಿದ್ದ ಕಾಲದಲ್ಲಿ ಹೊರಟು, ಸುಮಾರು 1380 ಕೋಟಿ ವರ್ಷ ಪಯಣಿಸಿ ಭೂಮಿಯನ್ನು ಮುಟ್ಟುತ್ತಿರುವ ಬೆಳಕು ಅದು. ವಿಜ್ಞಾನಿಗಳು ಅದನ್ನು ‘ವಿಶ್ವದ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣ’ ಎನ್ನುತ್ತಾರೆ. ಇಂಗ್ಲಿಷಿನ ಮೊದಲಕ್ಷರಗಳಿಂದಾದ ‘ಸಿಎಂಬಿ’ ಎಂಬ ಹ್ರಸ್ವನಾಮವೂ ರೂಢಿಯಲ್ಲಿದೆ.

ಈ ವಿಕಿರಣದ ತಾಪಮಾನ 2.725 ಕೆಲ್ವಿನ್. ಸೆಲ್ಸಿಯಸ್ ಲೆಕ್ಕದಲ್ಲಿ ಶೂನ್ಯಕ್ಕಿಂತ ಸುಮಾರು 270.4 ಡಿಗ್ರಿ ಕೆಳಗೆ. ಅದರ ತರಂಗದೂರ ಬಹುಮಟ್ಟಿಗೆ ಒಂದೆರಡು ಮಿಲಿಮೀಟರುಗಳ ಆಸುಪಾಸಿನದು. ವಿಶ್ವದ ಪ್ರತಿ ಘನ ಸೆಂಟಿಮೀಟರ್ ಜಾಗದಲ್ಲೂ, ಅಂದರೆ ಒಂದು ಸಕ್ಕರೆ ತುಂಡು ಹಿಡಿಯುವಷ್ಟು ಸ್ಥಳದಲ್ಲೂ, ಈ ಆದಿಬೆಳಕಿನ ಸುಮಾರು 411 ಫೋಟಾನ್‌ಗಳಿವೆ. ಮನೆಯ ಮಾಳಿಗೆಯ ಮೇಲೆ ಆಂಟೆನಾ ಕಟ್ಟುತ್ತಿದ್ದ ದಿನಗಳಲ್ಲಿ, ಪ್ರಸಾರ ಮುಗಿದ ನಂತರ ಟಿ.ವಿ. ಪರದೆಯ ಮೇಲೆ ಕುಣಿಯುತ್ತಿದ್ದ ಚುಕ್ಕೆಗಳ ಗದ್ದಲದಲ್ಲೂ ಇದರ ಒಂದು ಅತಿ ಸಣ್ಣ ಪಾಲು ಇರುತ್ತಿತ್ತು.

ವಿಶ್ವದ ವಯಸ್ಸು, ಆಕಾರ, ಅದರಲ್ಲಿರುವ ದ್ರವ್ಯದ ಲೆಕ್ಕ ಇವೆಲ್ಲವೂ ಇಂದು ಕರಾರುವಾಕ್ಕಾಗಿ ತಿಳಿದಿದ್ದರೆ ಅದರ ಹೆಚ್ಚಿನ ಶ್ರೇಯ ಈ ವಿಕಿರಣದ ಅಧ್ಯಯನಕ್ಕೇ ಸಲ್ಲಬೇಕು. ಆದರೆ ಅಷ್ಟು ದೂರದಿಂದ ಬರುವ ಬೆಳಕು ನಡುವಣ ಎಲ್ಲವನ್ನೂ ದಾಟಿಯೇ ಬರಬೇಕು. ಕ್ಷೀರಪಥದ ಧೂಳು, ಭೂಮಿಯ ವಾಯುಮಂಡಲ, ಎಫ್.ಎಂ. ಕೇಂದ್ರಗಳ ಪ್ರಸಾರ, ಕೊನೆಗೆ ಆಂಟೆನಾದ ಕೆಳಗಿರುವ ಮಣ್ಣು ಕೂಡ ಅದರೊಡನೆ ತನ್ನ ಸದ್ದನ್ನು ಬೆರೆಸುತ್ತದೆ. ಈ ಕ್ಷೇತ್ರದ ಆರು ದಶಕಗಳ ಇತಿಹಾಸದ ಬಹುಪಾಲು, ಹತ್ತಿರದ ಗದ್ದಲವನ್ನು ಗುರುತಿಸಿ ಬೇರ್ಪಡಿಸುವ ಪ್ರಯಾಸದ ಇತಿಹಾಸವೇ ಆಗಿದೆ. ಆ ಪ್ರಯಾಸದ ಒಂದು ಅಧ್ಯಾಯ ಶರಾವತಿಯ ಹಿನ್ನೀರಿನಲ್ಲೂ ನಡೆದಿದೆ.

ಮಂಜು ತಿಳಿಯಾದ ಗಳಿಗೆ

ಮಹಾಸ್ಫೋಟದ ನಂತರದ ಮೊದಲ ಕೆಲವು ಲಕ್ಷ ವರ್ಷಗಳಲ್ಲಿ ವಿಶ್ವ ಅಪಾರದರ್ಶಕವಾಗಿತ್ತು. ವಿಪರೀತ ಶಾಖದಿಂದಾಗಿ ಪರಮಾಣುಗಳು ಇಡಿಯಾಗಿ ಉಳಿಯುವಂತಿರಲಿಲ್ಲ. ಪ್ರೋಟಾನ್‌ಗಳು, ಹೀಲಿಯಂ ನ್ಯೂಕ್ಲಿಯಸ್‌ಗಳು ಮತ್ತು ಬಿಡಿ ಇಲೆಕ್ಟ್ರಾನ್‌ಗಳು ಬೆಳಕಿನ ಕಣಗಳೊಡನೆ ಬೆರೆತು ಕುದಿಯುತ್ತಿದ್ದವು. ಬಿಡಿ ಇಲೆಕ್ಟ್ರಾನ್ ಬೆಳಕನ್ನು ಸುಲಭವಾಗಿ ಚದುರಿಸುತ್ತದೆ. ಆದ್ದರಿಂದ ಯಾವ ಫೋಟಾನ್ ಕೂಡ ಹೆಚ್ಚು ದೂರ ನೇರವಾಗಿ ಸಾಗಲಾರದಾಗಿತ್ತು. ದಟ್ಟ ಮಂಜಿನಲ್ಲಿ ವಾಹನದ ದೀಪದ ಬೆಳಕು ಅಲ್ಲೇ ಚೆದುರಿ ಬೆಳ್ಳಗಾಗುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ವಿಶ್ವ ಹಿಗ್ಗಿದಂತೆ ತಣಿಯಿತು. ಮಹಾಸ್ಫೋಟದಿಂದ ಸುಮಾರು 3,80,000 ವರ್ಷಗಳು ಕಳೆದಾಗ ತಾಪಮಾನ ಸುಮಾರು 3000 ಕೆಲ್ವಿನ್‌ಗೆ ಇಳಿದಿತ್ತು. ಪ್ರೋಟಾನ್‌ಗಳು ಇಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಂಡು ಜಲಜನಕದ ಪರಮಾಣುಗಳಾದವು. ಚದುರಿಸುವ ಬಿಡಿ ಇಲೆಕ್ಟ್ರಾನ್‌ಗಳು ಇಲ್ಲವಾದೊಡನೆ ಮಂಜು ಕರಗಿತು, ಬೆಳಕು ಸ್ವತಂತ್ರವಾಯಿತು. ಅಂದು ಬಿಡುಗಡೆಯಾದ ಬೆಳಕೇ ಇಂದಿನ ಹಿನ್ನೆಲೆ ವಿಕಿರಣ. ಆಗ ಅದು ಕಿತ್ತಳೆ ಛಾಯೆಯ ಪ್ರಕಾಶವಾಗಿತ್ತು. ಆ ಬಳಿಕ ವಿಶ್ವ ಸುಮಾರು 1100 ಪಟ್ಟು ಹಿಗ್ಗಿದೆ, ಬೆಳಕಿನ ಅಲೆಗಳೂ ಅಷ್ಟೇ ಪಟ್ಟು ಉದ್ದವಾಗಿವೆ, ತಾಪಮಾನ ಅಷ್ಟೇ ಪಟ್ಟು ಕುಸಿದಿದೆ. ಹೀಗಾಗಿ ಒಮ್ಮೆ ಕಣ್ಣಿಗೆ ಕಾಣಬಹುದಾಗಿದ್ದ ಬೆಳಕು ಈಗ ಸೂಕ್ಷ್ಮತರಂಗಗಳ ವಲಯಕ್ಕೆ ಜಾರಿದೆ.

ಮಹಾಸ್ಫೋಟ ಆಕಾಶದ ಯಾವುದೋ ಒಂದು ಮೂಲೆಯಲ್ಲಿ ನಡೆದ ಘಟನೆಯೆಂಬ ಕಲ್ಪನೆ ಜನಸಾಮಾನ್ಯರಲ್ಲಿ ಬಲವಾಗಿದೆ. ಹಾಗಿದ್ದಲ್ಲಿ ಅದರ ಬೆಳಕು ಒಂದೇ ದಿಕ್ಕಿನಿಂದ ಬರಬೇಕಿತ್ತು. ವಿಶ್ವದ ಎಲ್ಲೆಡೆಯೂ ಒಮ್ಮೆ ಆ ಬಿಸಿ ಮಂಜು ಕವಿದಿತ್ತು, ಆದ್ದರಿಂದಲೇ ಎಲ್ಲ ದಿಕ್ಕುಗಳಿಂದಲೂ ಅದರ ಬೆಳಕು ಬರುತ್ತಿದೆ. ದೂರ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ಬೆಳಕಿನಿಂದ ನೋಡಬಹುದಾದ ಕೊನೆಯ ಗೋಡೆ ಈ ಮಂಜಿನ ಪದರ. ಅದರಾಚೆಗೆ ಯಾವ ದೂರದರ್ಶಕವೂ ಇಣುಕಲಾರದು.

ಲೆಕ್ಕ ಹಾಕಿದವರು, ಕಂಡುಹಿಡಿದವರು

ಇಂಥದೊಂದು ವಿಕಿರಣ ಉಳಿದಿರಲೇಬೇಕೆಂದು ಮೊದಲು ಲೆಕ್ಕ ಹಾಕಿದವರು ಅಮೆರಿಕದ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್. ಜಾರ್ಜ್ ಗ್ಯಾಮೊ ಅವರ ಶಿಷ್ಯರಾಗಿದ್ದ ಆಲ್ಫರ್, ಹರ್ಮನ್ ಅವರೊಡನೆ 1948ರಲ್ಲಿ ಪ್ರಕಟಿಸಿದ ಟಿಪ್ಪಣಿಯಲ್ಲಿ ಇಂದಿನ ವಿಶ್ವದ ತಾಪಮಾನ ಸುಮಾರು 5 ಕೆಲ್ವಿನ್ ಇರಬೇಕೆಂದು ಅಂದಾಜಿಸಿದ್ದರು. ಆ ಲೆಕ್ಕವನ್ನು ಯಾರೂ ಬೆನ್ನಟ್ಟಲಿಲ್ಲ. ಇನ್ನೂ ವಿಚಿತ್ರವೆಂದರೆ, ಅದಕ್ಕೂ ಏಳು ವರ್ಷ ಮೊದಲೇ, 1941ರಲ್ಲಿ, ಕೆನಡಾದ ಆಂಡ್ರ್ಯೂ ಮೆಕೆಲರ್ ನಕ್ಷತ್ರಗಳ ನಡುವಣ ಸಯನೋಜನ್ ಅಣುಗಳು ಸುಮಾರು 2.3 ಕೆಲ್ವಿನ್ ತಾಪಮಾನದಲ್ಲಿರುವಂತೆ ವರ್ತಿಸುವುದನ್ನು ಗುರುತಿಸಿದ್ದರು. ಆ ಅಣುಗಳನ್ನು ಬೆಚ್ಚಗಿಡುತ್ತಿದ್ದುದು ಹಿನ್ನೆಲೆ ವಿಕಿರಣವೇ ಎಂಬುದು ತಿಳಿದದ್ದು ಕಾಲು ಶತಮಾನದ ನಂತರ. ಉತ್ತರ ಮೊದಲೇ ಪುಸ್ತಕದಲ್ಲಿತ್ತು, ಪ್ರಶ್ನೆ ಕೇಳುವವರಿರಲಿಲ್ಲ.

ವಿಕಿರಣ ನೇರವಾಗಿ ಸಿಕ್ಕಿದ್ದು ಅದನ್ನು ಹುಡುಕದವರಿಗೆ. ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಪ್ರಯೋಗಾಲಯಕ್ಕೆ ಸೇರಿದ, ಕಹಳೆಯಾಕಾರದ ದೊಡ್ಡ ಆಂಟೆನಾ ಒಂದಿತ್ತು. ‘ಎಕೋ’ ಎಂಬ ಬಲೂನು ಉಪಗ್ರಹದಿಂದ ಪ್ರತಿಫಲಿಸುವ ಸಂಕೇತಗಳನ್ನು ಹಿಡಿಯಲು ಅದನ್ನು ನಿರ್ಮಿಸಲಾಗಿತ್ತು. ಆ ಕೆಲಸ ಮುಗಿದ ಮೇಲೆ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ಯುವ ವಿಜ್ಞಾನಿಗಳು ಅದನ್ನು ಖಗೋಳ ವೀಕ್ಷಣೆಗೆ ಅಣಿಗೊಳಿಸತೊಡಗಿದರು. 1964ರಲ್ಲಿ 7.35 ಸೆಂಟಿಮೀಟರ್ ತರಂಗದೂರದಲ್ಲಿ ಅಳತೆ ಮಾಡಿದಾಗ ಎಲ್ಲ ತಿಳಿದ ಮೂಲಗಳನ್ನು ಕಳೆದ ಮೇಲೂ ಸುಮಾರು 3.5 ಕೆಲ್ವಿನ್‌ನಷ್ಟು ಸದ್ದು ಉಳಿಯುತ್ತಿತ್ತು.

ಸಾಮಾನ್ಯ ಎಂಜಿನಿಯರ್ ಒಬ್ಬ ಇಷ್ಟು ಅಲ್ಪ ವ್ಯತ್ಯಾಸವನ್ನು ಉಪಕರಣದ ದೋಷವೆಂದು ಬದಿಗೊತ್ತಿ ಮುಂದೆ ಹೋಗಬಹುದಿತ್ತು. ಇವರಿಬ್ಬರೂ ಹಾಗೆ ಮಾಡಲಿಲ್ಲ. ಆಂಟೆನಾವನ್ನು ನ್ಯೂಯಾರ್ಕ್ ನಗರದ ಕಡೆ ತಿರುಗಿಸಿ ನೋಡಿದರು, ಸದ್ದು ನಗರದ್ದಲ್ಲ. ಋತುಗಳು ಬದಲಾದರೂ ಅದು ಬದಲಾಗಲಿಲ್ಲ. ಹಾಗಾಗಿ ಸೌರಮಂಡಲದ್ದೂ ಅಲ್ಲ. ಲೋಹದ ಹಾಳೆಗಳ ಬೆಸುಗೆಗಳ ಮೇಲೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರು. ಕಹಳೆಯೊಳಗೆ ಗೂಡು ಕಟ್ಟಿದ್ದ ಒಂದು ಜೋಡಿ ಪಾರಿವಾಳಗಳನ್ನು ಹಿಡಿದು ದೂರಕ್ಕೆ ಕಳುಹಿಸಿದರೆ, ಅವು ದಾರಿ ಹುಡುಕಿಕೊಂಡು ಹಿಂತಿರುಗಿದವು. ಅವುಗಳ ಹಿಕ್ಕೆಯನ್ನೆಲ್ಲ ಬಳಿದು ಸ್ವಚ್ಛಗೊಳಿಸಿದ್ದಾಯಿತು. ಸದ್ದು ಇದ್ದಲ್ಲೇ ಇತ್ತು.

ಅಲ್ಲಿಂದ ಹೆಚ್ಚು ದೂರವಿರದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡಿಕಿ, ಜೇಮ್ಸ್ ಪೀಬಲ್ಸ್, ಪೀಟರ್ ರಾಲ್ ಮತ್ತು ಡೇವಿಡ್ ವಿಲ್ಕಿನ್ಸನ್ ಇದೇ ವಿಕಿರಣವನ್ನು ಬೇಕೆಂದೇ ಹುಡುಕಲು ಉಪಕರಣ ಕಟ್ಟುತ್ತಿದ್ದರು. ಪೀಬಲ್ಸ್ ಅವರ ಲೆಕ್ಕಾಚಾರದ ಸುದ್ದಿ ಸ್ನೇಹಿತರೊಬ್ಬರ ಮೂಲಕ ಪೆಂಜಿಯಾಸ್ ಅವರ ಕಿವಿಗೆ ಬಿದ್ದು, ಅವರು ಡಿಕಿಗೆ ದೂರವಾಣಿ ಕರೆ ಮಾಡಿದಾಗ ಎರಡೂ ತಂಡಗಳಿಗೆ ವಿಷಯ ಸ್ಪಷ್ಟವಾಯಿತು. 1965ರಲ್ಲಿ ಎರಡು ಪತ್ರಗಳು ಒಂದೇ ಪತ್ರಿಕೆಯಲ್ಲಿ ಅಕ್ಕಪಕ್ಕದಲ್ಲಿ ಅಚ್ಚಾದವು. ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ಪುಟ್ಟ ಪತ್ರದಲ್ಲಿ ಸದ್ದಿನ ಅಳತೆಯನ್ನಷ್ಟೇ ವರದಿ ಮಾಡಿ, ಅರ್ಥ ಹೇಳುವ ಹೊಣೆಯನ್ನು ಪ್ರಿನ್ಸ್‌ಟನ್ ತಂಡಕ್ಕೆ ಬಿಟ್ಟರು. 1978ರ ನೊಬೆಲ್ ಪ್ರಶಸ್ತಿ ಅವರಿಬ್ಬರಿಗೆ ಸಂದಿತು. ಪೀಬಲ್ಸ್ 2019ರವರೆಗೆ ಕಾಯಬೇಕಾಯಿತು. ಆಲ್ಫರ್‌ಗೆ ನೊಬೆಲ್ ಸಿಗಲೇ ಇಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕವನ್ನು 2007ರ ಜುಲೈನಲ್ಲಿ ಅವರ ಪರವಾಗಿ ಮಗ ಸ್ವೀಕರಿಸಿದರು. ಮರುತಿಂಗಳು ಆಲ್ಫರ್ ತೀರಿಕೊಂಡರು.

ಕೋಬೆ ಕೊಟ್ಟ ತೀರ್ಪು

ವಿಕಿರಣ ಸಿಕ್ಕ ಮಾತ್ರಕ್ಕೆ ವಾದ ಮುಗಿಯಲಿಲ್ಲ. ವಿಶ್ವಕ್ಕೆ ಆದಿಯೇ ಇಲ್ಲ, ಅದು ಎಂದೆಂದೂ ಹೀಗೆಯೇ ಇದೆ ಎಂಬ ‘ಸ್ಥಿರಸ್ಥಿತಿ’ ವಾದವನ್ನು ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ 1948ರಲ್ಲಿ ಮಂಡಿಸಿದ್ದರು. ಹಾಯ್ಲ್ ಅವರ ಶಿಷ್ಯ, ಭಾರತದ ಜಯಂತ ನಾರಳೀಕರ್ ಈ ಪಕ್ಷವನ್ನು ದಶಕಗಳ ಕಾಲ ಸಮರ್ಥಿಸಿದರು. ನಕ್ಷತ್ರಗಳ ಬೆಳಕೇ ಅಂತರಿಕ್ಷದಲ್ಲಿರುವ ಸೂಜಿಯಂಥ ಲೋಹದ ಕಣಗಳಲ್ಲಿ ಹೀರಲ್ಪಟ್ಟು ಸೂಕ್ಷ್ಮತರಂಗಗಳಾಗಿ ಹೊಮ್ಮುತ್ತಿರಬಹುದೆಂಬುದು ಈ ಪಕ್ಷದವರ ವಿವರಣೆಯಾಗಿತ್ತು. ಒಪ್ಪಿತ ಮತಕ್ಕೆ ವಿರುದ್ಧವಾಗಿ ನಿಂತು ಸಮರ್ಥ ಪ್ರಶ್ನೆ ಕೇಳುವವರಿದ್ದರೆ ಒಪ್ಪಿತ ಮತದವರೂ ತಮ್ಮ ಸಾಕ್ಷ್ಯವನ್ನು ಬಿಗಿಗೊಳಿಸಬೇಕಾಗುತ್ತದೆ. 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ನಿಧನರಾದ ನಾರಳೀಕರ್ ಆ ಕೆಲಸವನ್ನು ಕೊನೆಯವರೆಗೂ ಮಾಡಿದರು.

ಬಿಗಿಯಾದ ಸಾಕ್ಷ್ಯ ಬಂದದ್ದು ‘ಕೋಬೆ’ ಉಪಗ್ರಹದಿಂದ. ಒಂದೇ ತಾಪಮಾನದಲ್ಲಿ ಸಮತೋಲಗೊಂಡ ಆದರ್ಶ ವಸ್ತು ಹೊಮ್ಮಿಸುವ ವಿಕಿರಣಕ್ಕೆ ಭೌತವಿಜ್ಞಾನದಲ್ಲಿ ನಿರ್ದಿಷ್ಟವಾದ ಒಂದು ರೋಹಿತವಿದೆ. ಅಂಥ ವಸ್ತುವಿಗೆ ಕೃಷ್ಣಕಾಯವೆಂದು ಹೆಸರು. ಬಿಸಿ ಮಂಜಿನಿಂದ ಬಂದ ಬೆಳಕಾದರೆ ಅದರ ರೋಹಿತ ಕೃಷ್ಣಕಾಯದ ವಕ್ರರೇಖೆಗೆ ಸರಿಯಾಗಿ ಹೊಂದಬೇಕು. ಬೇರೆಬೇರೆ ಕಡೆಯ ಧೂಳಿನಿಂದ ಕೂಡಿಬಂದದ್ದಾದರೆ ಅಷ್ಟು ಪರಿಶುದ್ಧವಾಗಿ ಹೊಂದುವುದು ಕಷ್ಟ. 1989ರ ನವೆಂಬರ್ 18ರಂದು ಕಕ್ಷೆ ಸೇರಿದ ಕೋಬೆ ಕೇವಲ ಒಂಬತ್ತು ನಿಮಿಷಗಳಲ್ಲಿ ಸಂಗ್ರಹಿಸಿದ ಅಂಕಿಗಳನ್ನು 1990ರ ಜನವರಿಯಲ್ಲಿ ಜಾನ್ ಮೇಥರ್ ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಪ್ರದರ್ಶಿಸಿದರು. ಅಳತೆಯ ಬಿಂದುಗಳೆಲ್ಲವೂ ಲೆಕ್ಕದ ಗೆರೆಯ ಮೇಲೆಯೇ ಕುಳಿತಿದ್ದವು. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಿಜ್ಞಾನ ಸಮ್ಮೇಳನಗಳಲ್ಲಿ ಅಪರೂಪವಾಗಿ ನಡೆಯುವ ಸಂಗತಿ ಇದು.

ಇದೇ ಉಪಗ್ರಹದ ಇನ್ನೊಂದು ಉಪಕರಣ ಹಿನ್ನೆಲೆ ವಿಕಿರಣದಲ್ಲಿನ ಏರುಪೇರುಗಳನ್ನು ಅರಸಿತು. ಎಲ್ಲಕ್ಕಿಂತ ದೊಡ್ಡ ಏರುಪೇರು ನಮ್ಮದೇ ಓಟದಿಂದಾದದ್ದು. ಸೌರಮಂಡಲ ಸೆಕೆಂಡಿಗೆ ಸುಮಾರು 370 ಕಿ.ಮೀ. ವೇಗದಲ್ಲಿ ಸಿಂಹರಾಶಿಯ ದಿಕ್ಕಿಗೆ ಚಲಿಸುತ್ತಿರುವುದರಿಂದ ಆ ಕಡೆಯ ಆಕಾಶ ಒಂದಿಷ್ಟು ಬೆಚ್ಚಗೂ ವಿರುದ್ಧ ದಿಕ್ಕು ಒಂದಿಷ್ಟು ತಣ್ಣಗೂ ಕಾಣುತ್ತದೆ. ಅದನ್ನು ಕಳೆದು, ಕ್ಷೀರಪಥದ ವಿಕಿರಣವನ್ನೂ ಕಳೆದ ಮೇಲೆ ಉಳಿಯುವುದು ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸ. ಜಾರ್ಜ್ ಸ್ಮೂಟ್ ನೇತೃತ್ವದ ತಂಡ 1992ರ ಏಪ್ರಿಲ್‌ನಲ್ಲಿ ಅದನ್ನು ಪ್ರಕಟಿಸಿತು. ಆದಿಯ ಮಂಜು ಎಲ್ಲೆಡೆ ಒಂದೇ ಸಮನಾಗಿದ್ದಿದ್ದರೆ ದ್ರವ್ಯ ಎಲ್ಲಿಯೂ ಗುಡ್ಡೆಗೂಡದೆ, ಗೆಲಾಕ್ಸಿ, ನಕ್ಷತ್ರ, ಗ್ರಹಗಳಾವುವೂ ಹುಟ್ಟುತ್ತಿರಲಿಲ್ಲ. ಸ್ಮೂಟ್ ತಂಡಕ್ಕೆ ಸಿಕ್ಕಿದ್ದು ಆ ಗುಡ್ಡೆಗಳ ಬೀಜ. ಮೇಥರ್ ಮತ್ತು ಸ್ಮೂಟ್ 2006ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಸದ್ದಿನ ಅಲೆಗಳ ಅಚ್ಚು

ಈ ಏರುಪೇರುಗಳು ಸುಮ್ಮನೆ ಚೆಲ್ಲಿದ ಚುಕ್ಕೆಗಳಲ್ಲ. ಮಂಜು ಕವಿದಿದ್ದ ಕಾಲದಲ್ಲಿ ದ್ರವ್ಯವನ್ನು ಗುರುತ್ವ ಒಳಕ್ಕೆ ಎಳೆಯುತ್ತಿತ್ತು, ಸಿಕ್ಕಿಬಿದ್ದ ಬೆಳಕಿನ ಒತ್ತಡ ಹೊರಕ್ಕೆ ತಳ್ಳುತ್ತಿತ್ತು. ಈ ಎಳೆತ-ತಳ್ಳಾಟದಿಂದ ಆ ದ್ರವದಲ್ಲಿ ಅಲೆಗಳೆದ್ದವು. ಇವು ಅಕ್ಷರಶಃ ಶಬ್ದದ ಅಲೆಗಳು. ಬೆಳಕಿನ ವೇಗದ ಅರ್ಧಕ್ಕೂ ಮಿಕ್ಕಿದ ವೇಗದಲ್ಲಿ ಅವು ಚಲಿಸುತ್ತಿದ್ದವು. ಮಂಜು ಕರಗಿದೊಡನೆ ಒತ್ತಡ ಇಲ್ಲವಾಯಿತು, ಅಲೆಗಳು ಆಯಾ ಸ್ಥಿತಿಯಲ್ಲಿಯೇ ನಿಂತುಬಿಟ್ಟವು. ಒತ್ತಿದ ಜಾಗಗಳೂ ಸಡಿಲವಾದ ಜಾಗಗಳೂ ಬಿಸಿ-ತಣ್ಣನೆಯ ಕಲೆಗಳಾಗಿ ಆಕಾಶದಲ್ಲಿ ಅಚ್ಚೊತ್ತಿದಂತೆ ಉಳಿದವು.

ಮೃದಂಗದ ನಾದ ಕೇಳಿದ ಮಾತ್ರದಿಂದ ಅದರ ಮುಚ್ಚಿಗೆಯ ಬಿಗುವನ್ನೂ ಕರಣೆಯ ಹದವನ್ನೂ ಬಲ್ಲವರು ಹೇಳುತ್ತಾರೆ. ಮೂಲನಾದದೊಡನೆ ಯಾವ ಉಪನಾದಗಳು ಎಷ್ಟು ಪ್ರಮಾಣದಲ್ಲಿವೆ ಎಂಬುದು ವಾದ್ಯದ ರಚನೆಯನ್ನು ತಿಳಿಸುತ್ತದೆ. ಮೃದಂಗದ ಈ ಉಪನಾದಗಳನ್ನು ಸರ್ ಸಿ.ವಿ. ರಾಮನ್ ಸ್ವತಃ ಅಧ್ಯಯನ ಮಾಡಿದ್ದರು. ವಿಶ್ವವಿಜ್ಞಾನಿಗಳು ಮಾಡುವುದೂ ಅದನ್ನೇ. ಕಲೆಗಳ ಗಾತ್ರವಾರು ಲೆಕ್ಕ ತೆಗೆದು ನಕ್ಷೆ ಬರೆದಾಗ ಅದರಲ್ಲಿ ಶಿಖರಗಳು ಸಾಲಾಗಿ ಕಾಣಿಸಿಕೊಳ್ಳುತ್ತವೆ. ಮೊದಲ ಶಿಖರ ಸುಮಾರು ಒಂದು ಡಿಗ್ರಿ ಅಗಲದ ಕಲೆಗಳದ್ದು, ಅಂದರೆ ಹುಣ್ಣಿಮೆಯ ಚಂದ್ರನ ಎರಡರಷ್ಟು. ಶಬ್ದದ ಅಲೆ 3,80,000 ವರ್ಷಗಳಲ್ಲಿ ಕ್ರಮಿಸಬಹುದಾದ ದೂರ ಲೆಕ್ಕದಿಂದ ಗೊತ್ತು. ಅದು ಇಲ್ಲಿಂದ ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದು ನಡುವಣ ಅವಕಾಶದ ವಕ್ರತೆಯನ್ನು ಅವಲಂಬಿಸಿದೆ. ಅಂಟಾರ್ಕ್ಟಿಕಾದ ಮೇಲೆ ಹಾರಿದ ‘ಬೂಮರಾಂಗ್’ ಬಲೂನು ಪ್ರಯೋಗದ ಫಲಿತಾಂಶ 2000ದಲ್ಲಿ ಪ್ರಕಟವಾದಾಗ ವಿಶ್ವ ಬಹುತೇಕ ಸಮತಲೀಯವೆಂದು, ಅಂದರೆ ಶಾಲೆಯ ರೇಖಾಗಣಿತವೇ ಅಲ್ಲೂ ಸಲ್ಲುತ್ತದೆಂದು ಗೊತ್ತಾಯಿತು. ಎರಡನೆಯ ಶಿಖರದಿಂದ ಸಾಮಾನ್ಯ ದ್ರವ್ಯದ ಪ್ರಮಾಣವೂ ಮೂರನೆಯದರಿಂದ ಕಪ್ಪು ದ್ರವ್ಯದ ಪ್ರಮಾಣವೂ ದೊರೆಯುತ್ತವೆ.

2001ರ ಜೂನ್ 30ರಂದು ಅಮೆರಿಕದ ನಾಸಾ ಹಾರಿಸಿದ ‘ಡಬ್ಲ್ಯುಮ್ಯಾಪ್’ ಈ ಶಿಖರಗಳನ್ನು ನಿಖರವಾಗಿ ಅಳೆಯಿತು. 1965ರ ಪ್ರಿನ್ಸ್‌ಟನ್ ತಂಡದಲ್ಲಿದ್ದ ವಿಲ್ಕಿನ್ಸನ್ ಈ ಯೋಜನೆಯಲ್ಲೂ ಇದ್ದರು. 2002ರಲ್ಲಿ ಅವರು ತೀರಿಕೊಂಡ ನಂತರ ಉಪಗ್ರಹಕ್ಕೆ ಅವರ ಹೆಸರನ್ನೇ ಸೇರಿಸಲಾಯಿತು. ಐರೋಪ್ಯ ಅಂತರಿಕ್ಷ ಸಂಸ್ಥೆಯ ‘ಪ್ಲಾಂಕ್’ 2009ರ ಮೇ 14ರಂದು ಹೊರಟು, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, ತನ್ನ ಉಪಕರಣವೊಂದನ್ನು 0.1 ಕೆಲ್ವಿನ್‌ವರೆಗೆ ತಣಿಸಿಕೊಂಡು ಆಕಾಶವನ್ನು ಪದೇ ಪದೇ ತಡಕಾಡಿತು. ಅದರ 2018ರ ಅಂತಿಮ ಲೆಕ್ಕದ ಪ್ರಕಾರ ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಸಾಮಾನ್ಯ ದ್ರವ್ಯ ಸುಮಾರು ಶೇ. 5, ಕಪ್ಪು ದ್ರವ್ಯ ಸುಮಾರು ಶೇ. 27, ಉಳಿದದ್ದು ಕಪ್ಪು ಶಕ್ತಿ. ನೂರರಲ್ಲಿ ತೊಂಬತ್ತೈದು ಪಾಲು ಏನೆಂದೇ ತಿಳಿಯದಿದ್ದರೂ ಅದರ ಪ್ರಮಾಣ ಮಾತ್ರ ಖಚಿತವಾಗಿ ಗೊತ್ತಿರುವುದು ಈ ವಿಜ್ಞಾನದ ಸೋಜಿಗ.

ಒಂದು ತಕರಾರು ಬಗೆಹರಿದಿಲ್ಲ. ಪ್ಲಾಂಕ್ ಲೆಕ್ಕದಂತೆ ವಿಶ್ವ ಹಿಗ್ಗುತ್ತಿರುವ ದರ, ಹತ್ತು ಲಕ್ಷ ಪಾರ್ಸೆಕ್ ದೂರಕ್ಕೆ, ಸೆಕೆಂಡಿಗೆ 67.4 ಕಿ.ಮೀ. ಹತ್ತಿರದ ಗೆಲಾಕ್ಸಿಗಳ ನಕ್ಷತ್ರಗಳನ್ನೂ ಸೂಪರ್‌ನೋವಾಗಳನ್ನೂ ಆಧರಿಸಿದ ಅಳತೆ ಸುಮಾರು 73 ಎನ್ನುತ್ತದೆ. ಅಳತೆಯಲ್ಲಿ ಎಲ್ಲೋ ಕಾಣದ ತಪ್ಪು ಉಳಿದಿದೆಯೇ, ಇಲ್ಲವೇ ಭೌತವಿಜ್ಞಾನದಲ್ಲೇ ಕೊರತೆಯಿದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ದಕ್ಷಿಣ ಧ್ರುವದಲ್ಲಿ ಧೂಳಿನ ಪಾಠ

ಮಂಜಿನ ಗೋಡೆಯಾಚೆಗೆ ಬೆಳಕಿನಿಂದ ನೋಡಲಾಗದು, ನಿಜ. ಆದರೆ ಅದರಾಚೆ ನಡೆದದ್ದರ ಗುರುತು ಗೋಡೆಯ ಮೇಲೆ ಬಿದ್ದಿರಬಹುದು. ವಿಶ್ವ ತನ್ನ ಮೊದಲ ಕ್ಷಣದ ಅತ್ಯಲ್ಪ ಭಾಗದಲ್ಲಿ ಊಹಾತೀತ ವೇಗದಿಂದ ಉಬ್ಬಿತೆಂದು ಹೇಳುವ ‘ಉಬ್ಬರ’ ಸಿದ್ಧಾಂತ 1980ರ ದಶಕದಿಂದ ಪ್ರಚಲಿತವಾಗಿದೆ. (ಇಂಗ್ಲಿಷಿನಲ್ಲಿ ಹಣದುಬ್ಬರಕ್ಕೂ ಇದಕ್ಕೂ ಒಂದೇ ಪದ.) ಅಂಥ ಉಬ್ಬರ ನಡೆದಿದ್ದರೆ ಗುರುತ್ವ ಅಲೆಗಳೂ ಎದ್ದಿರಬೇಕು, ಅವು ಹಿನ್ನೆಲೆ ವಿಕಿರಣದ ಧ್ರುವೀಕರಣದಲ್ಲಿ ಸುಳಿಯಂಥ ವಿನ್ಯಾಸವನ್ನು ಮೂಡಿಸಿರಬೇಕು.

2014ರ ಮಾರ್ಚ್ 17ರಂದು ದಕ್ಷಿಣ ಧ್ರುವದಲ್ಲಿನ ‘ಬೈಸೆಪ್-2’ ದೂರದರ್ಶಕದ ತಂಡ ಆ ಸುಳಿಗಳು ಸಿಕ್ಕಿವೆಯೆಂದು ಪ್ರಕಟಿಸಿತು. ಜಗತ್ತಿನ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಸುದ್ದಿ ಮಾಡಿದವು, ನೊಬೆಲ್ ಪ್ರಶಸ್ತಿಯ ಮಾತೂ ಕೇಳಿಬಂತು. ಆದರೆ ಬೈಸೆಪ್-2 ನೋಡಿದ್ದು 150 ಗಿಗಾಹರ್ಟ್ಸ್ ಆವೃತ್ತಿಯೊಂದರಲ್ಲೇ. ಕ್ಷೀರಪಥದಲ್ಲಿ ಹರಡಿರುವ ಧೂಳಿನ ಕಣಗಳು ಅಲ್ಲಿನ ಕಾಂತಕ್ಷೇತ್ರಕ್ಕೆ ಅನುಗುಣವಾಗಿ ಸಾಲುಗೊಂಡು, ಅದೇ ಬಗೆಯ ಧ್ರುವೀಕೃತ ವಿಕಿರಣವನ್ನು ಹೊಮ್ಮಿಸುತ್ತವೆ. ಧೂಳು ಯಾವುದು, ಆದಿಯ ಸುಳಿ ಯಾವುದು ಎಂದು ಬೇರ್ಪಡಿಸಲು ಹಲವು ಆವೃತ್ತಿಗಳ ಅಳತೆ ಬೇಕು. ಅದು ಪ್ಲಾಂಕ್ ತಂಡದ ಬಳಿ ಇತ್ತು, ಆಗಿನ್ನೂ ಪ್ರಕಟವಾಗಿರಲಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ಲಾಂಕ್ ಧೂಳಿನ ನಕ್ಷೆ ಹೊರಬಂದಾಗ ಸಂಶಯ ಬಲವಾಯಿತು. 2015ರ ಜನವರಿ 30ರಂದು ಎರಡೂ ತಂಡಗಳ ಜಂಟಿ ವಿಶ್ಲೇಷಣೆ, ಬೈಸೆಪ್ ಕಂಡ ಸಂಕೇತದ ಗಣನೀಯ ಭಾಗ ಧೂಳಿನದ್ದೇ, ಉಬ್ಬರದ ಗುರುತು ಸಿಕ್ಕಿದೆಯೆನ್ನಲು ಆಧಾರ ಸಾಲದು ಎಂದು ಹೇಳಿತು. ಪೆಂಜಿಯಾಸ್, ವಿಲ್ಸನ್ ಪಾರಿವಾಳದ ಹಿಕ್ಕೆಯನ್ನೂ ಬಿಡದೆ ಪರೀಕ್ಷಿಸಿದ್ದನ್ನು ನೆನೆದರೆ ಇಲ್ಲಿ ಅವಸರ ಎಲ್ಲಾಯಿತೆಂಬುದು ತಿಳಿಯುತ್ತದೆ. ಹಾಗೆಂದು ಬೈಸೆಪ್ ತಂಡ ತನ್ನ ತಪ್ಪನ್ನು ಮುಚ್ಚಿಡಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ಉಬ್ಬರದ ಗುರುತ್ವ ಅಲೆಗಳು ಎಷ್ಟರಮಟ್ಟಿಗೆ ಇರಲಾರವು ಎಂಬುದಕ್ಕೆ 2021ರಲ್ಲಿ ಅತ್ಯಂತ ಬಿಗಿಯಾದ ಮಿತಿ ಹಾಕಿದ್ದು ಅದೇ ತಂಡದ ಮುಂದಿನ ಉಪಕರಣಗಳು.

ಶರಾವತಿಯ ನೀರಿನ ಮೇಲೆ

ಮಂಜು ಕರಗಿದ ಮೇಲೆ ವಿಶ್ವಕ್ಕೆ ದೀರ್ಘ ಕತ್ತಲು ಕವಿಯಿತು. ನಕ್ಷತ್ರಗಳಿಲ್ಲ, ಇದ್ದದ್ದು ಜಲಜನಕ ಮತ್ತು ಹೀಲಿಯಂ ಅನಿಲ, ಜೊತೆಗೆ ಕಪ್ಪು ದ್ರವ್ಯ, ಮತ್ತು ಹಿನ್ನೆಲೆ ವಿಕಿರಣ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲವನ್ನು ‘ವಿಶ್ವದ ಉಷಃಕಾಲ’ ಎನ್ನುತ್ತಾರೆ. ಅದನ್ನು ಅರಿಯಲೂ ಹಿನ್ನೆಲೆ ವಿಕಿರಣವೇ ಆಧಾರ. ಜಲಜನಕದ ಪರಮಾಣು 21 ಸೆಂಟಿಮೀಟರ್ ತರಂಗದೂರದ, ಅಂದರೆ 1420 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೋ ಅಲೆಯನ್ನು ಹೀರಬಲ್ಲದು, ಹೊಮ್ಮಿಸಬಲ್ಲದು. ಮೊದಲ ನಕ್ಷತ್ರಗಳ ಬೆಳಕು ಬಿದ್ದಾಗ ತಣ್ಣನೆಯ ಜಲಜನಕ, ಹಿಂದಿನಿಂದ ಬರುತ್ತಿದ್ದ ಹಿನ್ನೆಲೆ ವಿಕಿರಣದಲ್ಲಿ ಆ ಆವೃತ್ತಿಯ ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ವಿಶ್ವ ಹಿಗ್ಗಿರುವುದರಿಂದ ಆ ಕೊರತೆ ಇಂದು ನೂರು ಮೆಗಾಹರ್ಟ್ಸ್‌ಗಿಂತ ಕೆಳಗೆ ಒಂದು ಸಣ್ಣ ತಗ್ಗಾಗಿ ಕಾಣಬೇಕು.

2018ರಲ್ಲಿ ಅಮೆರಿಕದ ಜಡ್ ಬೋಮನ್ ಮತ್ತು ಸಂಗಡಿಗರು, ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಇಟ್ಟಿದ್ದ ‘ಎಜಸ್’ ಎಂಬ ಮೇಜಿನಾಕಾರದ ಆಂಟೆನಾದಿಂದ ಆ ತಗ್ಗನ್ನು ಕಂಡೆವೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ತಗ್ಗು 78 ಮೆಗಾಹರ್ಟ್ಸ್‌ನಲ್ಲಿತ್ತು, ಅಂದರೆ ಮಹಾಸ್ಫೋಟದ ಸುಮಾರು 18 ಕೋಟಿ ವರ್ಷಗಳ ನಂತರದ್ದು. ಅದರ ಆಳ ಅರ್ಧ ಕೆಲ್ವಿನ್. ಸಿದ್ಧಾಂತಗಳು ನಿರೀಕ್ಷಿಸಿದ್ದಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು. ಅನಿಲ ಅಷ್ಟು ತಣ್ಣಗಿರಲು ಕಾರಣವೇನೆಂಬ ಪ್ರಶ್ನೆಗೆ ಕಪ್ಪು ದ್ರವ್ಯ ಅದರ ಶಾಖವನ್ನು ಕದ್ದಿರಬೇಕೆಂಬ ಉತ್ತರವೂ ಬಂತು. ನಿಜವಾಗಿದ್ದರೆ ಕಪ್ಪು ದ್ರವ್ಯದ ಸ್ವಭಾವದ ಬಗ್ಗೆ ಅದು ಮೊದಲ ಸುಳಿವಾಗುತ್ತಿತ್ತು. ಹೀಗೆ ಒಂದು ಆಂಟೆನಾದ ಅಳತೆಯ ಮೇಲೆ ಬಹು ದೊಡ್ಡ ಕಟ್ಟಡವೇ ಏಳತೊಡಗಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಅದೇ ಸಂಕೇತವನ್ನು ‘ಸರಸ್’ ಎಂಬ ತನ್ನ ಆಂಟೆನಾಗಳಿಂದ ಹಲವು ವರ್ಷಗಳಿಂದ ಹುಡುಕುತ್ತಿತ್ತು. ಈ ಆವೃತ್ತಿಗಳಲ್ಲಿ ಕ್ಷೀರಪಥದ ಸದ್ದೇ ಸಾವಿರಾರು ಕೆಲ್ವಿನ್‌ನಷ್ಟಿರುತ್ತದೆ. ಅರಸುವ ತಗ್ಗು ಒಂದು ಕೆಲ್ವಿನ್‌ಗಿಂತ ಬಹು ಕಡಿಮೆ. 88 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಎಫ್.ಎಂ. ಕೇಂದ್ರಗಳ ದರಬಾರು. ಇವೆಲ್ಲಕ್ಕಿಂತ ಕಪಟಿಯೆಂದರೆ ನೆಲ. ಆಂಟೆನಾ ಮೇಲಕ್ಕೆ ನೋಡುವಂತೆ ಒಂದಿಷ್ಟು ಕೆಳಕ್ಕೂ ನೋಡುತ್ತದೆ. ಮಣ್ಣು, ತೇವ, ಬಂಡೆ ಹೀಗೆ ಪದರ ಪದರವಾಗಿರುವ ನೆಲ ರೇಡಿಯೋ ಅಲೆಗಳನ್ನು ಆವೃತ್ತಿಗೊಂದರಂತೆ ಪ್ರತಿಫಲಿಸಿ, ಆಕಾಶದಲ್ಲಿಲ್ಲದ ಉಬ್ಬುತಗ್ಗುಗಳನ್ನು ಅಳತೆಯಲ್ಲಿ ಹುಟ್ಟಿಸಬಲ್ಲದು.

ತಂಡ ಕಂಡುಕೊಂಡ ಉಪಾಯ ಸರಳ: ನೆಲವನ್ನೇ ಬಿಟ್ಟು ನೀರಿಗಿಳಿಯುವುದು. ಆಳವಾದ ಸಿಹಿನೀರು ಎಲ್ಲ ಕಡೆಯೂ ಏಕರೂಪವಾಗಿರುತ್ತದೆ, ಅದರ ವರ್ತನೆಯನ್ನು ಮೊದಲೇ ಲೆಕ್ಕ ಹಾಕಬಹುದು. ಶಂಕುವಿನಾಕಾರದ ‘ಸರಸ್-3’ ಆಂಟೆನಾವನ್ನು ತೆಪ್ಪವೊಂದರ ಮೇಲೆ ಕೂರಿಸಿ 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ನಂತರ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಡಲಾಯಿತು. ವಿದ್ಯುತ್ ಉತ್ಪಾದನೆಗೆಂದು ನಿಲ್ಲಿಸಿದ ನೀರು, ಎಷ್ಟೋ ಊರುಗಳನ್ನು ಮುಳುಗಿಸಿದ ನೀರು, ಹೀಗೆ ವಿಶ್ವದ ಉಷಃಕಾಲವನ್ನು ಅರಸುವ ಕೆಲಸಕ್ಕೂ ಒದಗಿತು.

ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್, ಎನ್. ಉದಯಶಂಕರ್ ಮತ್ತಿತರರ ಹೆಸರಿನಲ್ಲಿ 2022ರ ಫೆಬ್ರುವರಿ 28ರಂದು ‘ನೇಚರ್ ಆಸ್ಟ್ರಾನಮಿ’ಯಲ್ಲಿ ಫಲಿತಾಂಶ ಪ್ರಕಟವಾಯಿತು. 55ರಿಂದ 85 ಮೆಗಾಹರ್ಟ್ಸ್ ನಡುವಣ ಅಳತೆಯಲ್ಲಿ ಎಜಸ್ ಹೇಳಿದ ತಗ್ಗು ಇರಲಿಲ್ಲ. ಶೇ. 95.3ರಷ್ಟು ವಿಶ್ವಾಸದೊಡನೆ ಆ ಸಂಕೇತವನ್ನು ತಳ್ಳಿಹಾಕಲಾಯಿತು. ಆಸ್ಟ್ರೇಲಿಯಾದಲ್ಲಿ ಕಂಡ ತಗ್ಗು ಆಕಾಶದ್ದಾಗಿರದೆ ಅಳತೆಯ ದೋಷದಿಂದ ಬಂದಿರಬೇಕೆಂಬುದು ತಂಡದ ಅಭಿಪ್ರಾಯ. ಶೇ. 95.3 ಎಂಬುದು ಕೊನೆಯ ಮಾತಲ್ಲ. ಭೌತವಿಜ್ಞಾನದಲ್ಲಿ ಶೋಧವೊಂದನ್ನು ಸ್ಥಾಪಿಸಲು ಇದಕ್ಕಿಂತ ಬಹಳ ಹೆಚ್ಚಿನ ಖಚಿತತೆ ಬೇಕು. ಆದರೂ ಸ್ವತಂತ್ರ ಉಪಕರಣವೊಂದು ಎಜಸ್ ಅಳತೆಯನ್ನು ಪರೀಕ್ಷೆಗೊಡ್ಡಿದ್ದು ಅದೇ ಮೊದಲು. ಅದೇ ವರ್ಷದ ಕೊನೆಯಲ್ಲಿ ಸರಸ್-3ರ ಅಂಕಿಗಳನ್ನೇ ಬಳಸಿ ಅಂತರರಾಷ್ಟ್ರೀಯ ತಂಡವೊಂದು ಮಹಾಸ್ಫೋಟದ ಸುಮಾರು 20 ಕೋಟಿ ವರ್ಷಗಳ ನಂತರದ ಗೆಲಾಕ್ಸಿಗಳು ಎಷ್ಟು ಪ್ರಕಾಶಮಾನವಾಗಿರಲಾರವು ಎಂಬುದಕ್ಕೂ ಮಿತಿ ಗೊತ್ತುಮಾಡಿತು.

ಮುಂದಿನ ಹೆಜ್ಜೆಯಾಗಿ ರಾಮನ್ ಸಂಸ್ಥೆ ‘ಪ್ರತುಷ್’ ಎಂಬ ಉಪಗ್ರಹವನ್ನು ಪ್ರಸ್ತಾಪಿಸಿದೆ. ಹಿನ್ನೆಲೆ ವಿಕಿರಣದ ಧ್ರುವೀಕರಣವನ್ನು ಅಂತರಿಕ್ಷದಿಂದ ಅಳೆಯುವ ‘ಸಿಎಂಬಿ-ಭಾರತ್’ ಎಂಬ ಇನ್ನೊಂದು ಪ್ರಸ್ತಾವವನ್ನು ದೇಶದ ವಿಶ್ವವಿಜ್ಞಾನಿಗಳ ಗುಂಪು 2018ರಲ್ಲೇ ಇಸ್ರೋ ಮುಂದಿಟ್ಟಿತ್ತು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಸುಮಾರು 5200 ಮೀಟರ್ ಎತ್ತರದಲ್ಲಿ ‘ಸೈಮನ್ಸ್ ವೀಕ್ಷಣಾಲಯ’ ಬೈಸೆಪ್‌ಗೆ ಸಿಗದ ಸುಳಿಗಳನ್ನು ಹಲವು ಆವೃತ್ತಿಗಳಲ್ಲಿ ಹುಡುಕುತ್ತಿದೆ. ಪ್ರತುಷ್ ಉದ್ದೇಶಿಸಿರುವುದು ಚಂದ್ರನ ಸುತ್ತ ಸುತ್ತುತ್ತ, ಭೂಮಿಗೆ ಎಂದೂ ಮುಖ ತೋರದ ಅದರ ಆಚೆ ಮಗ್ಗುಲಿನ ಮೇಲೆ ಹಾಯುವಾಗಲೆಲ್ಲ ಅಳತೆ ಮಾಡುವುದನ್ನು. ಭೂಮಿಯ ಎಫ್.ಎಂ. ಪ್ರಸಾರಗಳು ಅಲ್ಲಿಗೆ ತಲುಪುವುದಿಲ್ಲ.